ಭಾವನ ಗಂಟಲು

ನಮ್ಮ ಭಾವ ಇಪ್ಪತ್ತೈದು ವರ್ಷಗಳಿಂದ ಭೂಗತರಾಗಿದ್ದಾರೆ. ಹಾಗೆಂದು ಪೊಲೀಸರಿಗೆ ಅವರ ಮೇಲೇನೂ ಆಸಕ್ತಿಯಿಲ್ಲ. ದಿನಾ ಬೆಳಿಗ್ಗೆ ಯಶವಂತಪುರದ ಮಂಡಿಯಲ್ಲಿ ಬೆಳ್ಳುಳ್ಳಿ ಮೂಟೆಗಳ ನಡುವೆ ಎಲ್ಲರ ಕಣ್ಣಿಗೂ ಬೀಳುವಂತೆ ಕೂತಿರುತ್ತಾರೆ. ಸಂಜೆ ಕೆಂಪಾಪುರದ ಮನೆಗೆ ಬಂದು ನನ್ನ ಅಕ್ಕ ಕೊಟ್ಟ ಕಾಫಿ ಕುಡಿಯುತ್ತಾರೆ. ಆದರೂ ಕೇಳಿ ನೋಡಿ, 'ನಾವು ಅಂಡರ್‌ಗ್ರೌಂಡ್ ಕಣಮ್ಮ' ಎನ್ನುತ್ತಾರೆ. ಸ್ವಾತಂತ್ರ್ಯ ಹೋರಾಟಗಾರರು ತಮ್ಮ ಜೈಲುವಾಸದ ಬಗ್ಗೆ ಹೇಳುವಾಗ ಇರುವಂಥ ಗಾಂಭೀರ್ಯ ಆಗ ಅವರ ಮುಖದಲ್ಲಿರುತ್ತದೆ.

ವಿಷಯ ಇಷ್ಟೇ. ಭಾವ ಒಂದು ಥ್ರ್ಯಾಶ್ ಮೆಟಲ್ ಬ್ಯಾಂಡಿನ ಗಾಯಕರು. ಬ್ಯಾಂಡಿನ ಹೆಸರು 'ಗರಗಸ'. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ: ಥ್ರ್ಯಾಶ್ ಎಂದರೆ ಗಿಟಾರು ಓಡುತ್ತದೆ, ಕೈಕಾಲು ನಾಲ್ಕರಲ್ಲೂ ಬಾರಿಸುವ ಡ್ರಮ್ಮು ಅದನ್ನು ಅಟ್ಟಿಸಿಕೊಂಡು ಹೋಗುತ್ತದೆ, ಗಾಯಕ ಯಾರೋ ಬೂಟುಕಾಲಲ್ಲಿ ತನ್ನ ಕಾಲು ತುಳಿದಂತೆ ಅಬ್ಬರಿಸುತ್ತಾನೆ. ಅಂಡರ್‌ಗ್ರೌಂಡ್ ಎಂದರೆ ಇದು ರೇಡಿಯೋದಲ್ಲಾಗಲಿ ಟೀವಿಯಲ್ಲಾಗಲಿ ಬರುವುದಿಲ್ಲ, ಬೇಕಾದವರೇ ಹುಡುಕಿಕೊಂಡು ಬಂದು ಕೇಳಬೇಕು. ಮದುವೆಗೆ ಮುಂಚೆ ಈ ವಿವರಣೆಯನ್ನು ಯಾರೂ ನಮ್ಮ ನೆಂಟರಿಗೆ ಕೊಡಲಿಲ್ಲ. ಅವರಿಗೆ ಕೇಳಿಸಿದ್ದು ಟ್ರ್ಯಾಶ್. ಟ್ರ್ಯಾಶ್ ಎಂದರೆ ಕಸ, ಮೆಟಲ್ ಎಂದರೆ ಕಬ್ಬಿಣ. ಹುಡುಗನಿಗೆ ಮಂಡಿಯ ಜೊತೆ ಗುಜರಿ ವ್ಯಾಪಾರವೂ ಇದೆಯೆಂದು ತಿಳಿದು ಅವರೆಲ್ಲ ಸಂತೋಷಪಟ್ಟರು. ನಮ್ಮ ದೊಡ್ಡಮ್ಮ ಒಂದು ಒಡೆದ ಹಿತ್ತಾಳೆ ಹಂಡೆಯನ್ನು ಅಳಿಯಂದಿರಿಗೇ ಹಾಕಬೇಕೆಂದು ಬಹಳ ಕಾಲ ಎತ್ತಿಟ್ಟಿದ್ದರು.

ಅಕ್ಕನನ್ನು ನೋಡಲು ಬಂದ ದಿನ ನಾನಿನ್ನೂ ಹೈಸ್ಕೂಲು ಹುಡುಗಿ. ಅಕ್ಕ ಒಂದು ದೇವರನಾಮ ಹಾಡಿ ಮುಗಿಸಿದಳು. ನಮ್ಮ ತಾತ ಸುಮ್ಮನಿರದೆ, ಹುಡುಗನೂ ಹಾಡುತ್ತಾನಂತಲ್ಲ, ಒಂದು ನುಡಿ ಆಗಲಿ ಎಂದರು. ಭಾವ ಇಲ್ಲಿ ಬೇಡ ಎಂದು ನಿಜವಾಗಿಯೂ ಕೇಳಿಕೊಂಡರು. ತಾತ ಬಿಡಲಿಲ್ಲ. ಆಗ ಅವರು ಉಪ್ಪಿಟ್ಟಿನ ತಟ್ಟೆ ಕೆಳಗಿಟ್ಟು, ಕಣ್ಣು ಮುಚ್ಚಿ, ಒಂದೇ ಒಂದು ಸಾಲು ಹಾಡಿದರು. ಪಕ್ಕದ ಮನೆಯಾಕೆ, ಯಾರಿಗೋ ಫಿಟ್ಸ್ ಬಂದಿದೆಯೆಂದು, ಕೈಗೆ ಹಿಡಿಸಲು ಬೀಗದಕೈ ಗೊಂಚಲು ಹಿಡಿದು ಓಡಿಬಂದರು. ತಾತ ಮಾತ್ರ ಶ್ರುತಿ ಯಾವುದು ಎಂದು ಕೇಳಿದರು. ಬಾಗಿಲ ಹಿಂದೆ ಸೆರಗು ಬಾಯಿಗೆ ತುರುಕಿಕೊಂಡು ನಗುತ್ತಿದ್ದ ಅಕ್ಕ ಅಲ್ಲೇ ಒಪ್ಪಿಬಿಟ್ಟಿದ್ದಳು. ಕೂಗುವುದನ್ನೆಲ್ಲ ಹೊರಗೇ ಮುಗಿಸಿ ಬರುವ ಗಂಡಸು ಮನೆಯಲ್ಲಿ ತಣ್ಣಗಿರುತ್ತಾನೆ ಎಂಬುದು ಅವಳ ಲೆಕ್ಕಾಚಾರ. ಅದು ತಪ್ಪಾಗಲಿಲ್ಲ.

ಗರಗಸ ಆಗ ಒಂದು ಕ್ಯಾಸೆಟ್ ತಂದಿತ್ತು. ಅದರ ಹಾಡುಗಳಲ್ಲಿ ಯಾವುದೂ ಒಲೆಯ ಮೇಲಿಟ್ಟ ಹಾಲು ಉಕ್ಕುವತನಕ ಇರುತ್ತಿರಲಿಲ್ಲ. ಒಂದು ಪದವೂ ತಿಳಿಯುವುದಿಲ್ಲವಲ್ಲ ಎಂದು ನಾನು ದೂರಿದಾಗ ಭಾವ, 'ಪದ ಕೇಳಿಸ್ಬಿಟ್ರೆ ನಮ್ಮ ಸ್ಪೀಡು ಕಮ್ಮಿ ಆಗಿದೆ ಅಂತ ಅರ್ಥ ಕಣಮ್ಮ' ಎಂದಿದ್ದರು. ಬ್ಯಾಂಡಿನಲ್ಲಿ ಇದ್ದದ್ದು ಮೂವರು. ಹಾಡಲು ಭಾವ, ಗಿಟಾರಿಗೆ ವಿಮೆ ಆಫೀಸಿನಲ್ಲಿ ಕೆಲಸ ಮಾಡುವ ಯಲಹಂಕದ ಪ್ರಸಾದ್, ಡ್ರಮ್ಮಿಗೆ ಆರ್.ಟಿ. ನಗರದಲ್ಲಿ ಬೈಕ್ ಗ್ಯಾರೇಜ್ ಇಟ್ಟಿದ್ದ ಮುನೀರ್. ಮೂವರಿಗೂ ಮದುವೆ, ಮಕ್ಕಳು, ಮನೆ ಕಟ್ಟಿಸುವುದು ಎಲ್ಲ ಬಂದು ವಾದ್ಯಗಳು ಅಟ್ಟ ಸೇರಿದವು. ಇಪ್ಪತ್ತು ವರ್ಷಗಳಷ್ಟು ಕಾಲ ಗರಗಸ ತುಕ್ಕು ಹಿಡಿಯಿತು.

ಗಂಟಲಿಗೆ ಮಾತ್ರ ತುಕ್ಕು ಹಿಡಿಯಲಿಲ್ಲ. ಮಂಡಿಯಲ್ಲಿ ಹರಾಜು ಕೂಗುವ ಕೆಲಸ ಅದಕ್ಕಿತ್ತು. ಭಾವ ಇಲ್ಲಿ ಬೆಳ್ಳುಳ್ಳಿ ಎಂದರೆ ಅತ್ತ ಆಲೂಗಡ್ಡೆಯವರು ತಿರುಗಿ ನೋಡುತ್ತಿದ್ದರು. ಬೇರೆ ಯಾವುದರಲ್ಲೂ ಜಂಬವಿಲ್ಲದ ಮನುಷ್ಯನಿಗೆ ಗಂಟಲೊಂದರಲ್ಲಿ ವಿಪರೀತ ಜಂಬ. ಆಮೇಲೆ ಕಾಲ ಬದಲಾಗಿ ಹರಾಜು ಮೊಬೈಲಿಗೆ ಬಂತು. ಎಲ್ಲರೂ ತಲೆ ತಗ್ಗಿಸಿ ಬೆರಳಲ್ಲೇ ವ್ಯಾಪಾರ ಮುಗಿಸತೊಡಗಿದರು. ನಿರುದ್ಯೋಗಿಯಾದ ಗಂಟಲು ಮನೆಗೆ ಬಂತು. ಭಾವ ಊಟಕ್ಕೆ ಕೂತು 'ಉಪ್ಪು' ಎಂದರೆ ಕೆಳಗಿನ ಬಾಡಿಗೆ ಮನೆಯವರು ಉಪ್ಪಿನ ಡಬ್ಬಿ ಹಿಡಿದು ಮೆಟ್ಟಿಲು ಹತ್ತುತ್ತಿದ್ದರು. ಅಕ್ಕ ಒಂದು ದಿನ ಕೈ ಮುಗಿದಳು.

'ನಿಮ್ಮ ಗರಗಸಕ್ಕೆ ಮತ್ತೆ ಸಾಣೆ ಹಿಡೀರಿ. ನಮ್ಮನ್ನ ಬಿಟ್ಬಿಡಿ' ಎಂದಳು.

ಅದರ ಹಿಂದಿನ ವರ್ಷ ಮುನೀರ್‌ಗೆ ಲಕ್ವ ಹೊಡೆದಿತ್ತು. ಬೇಗ ಆಸ್ಪತ್ರೆಗೆ ಸೇರಿಸಿದ್ದರಿಂದ ಮಾತು ಬಂತು, ಕೈ ಬಂತು, ನಡೆದಾಡುವಂತಾದರು. ಎಡಗಾಲು ಮಾತ್ರ ಹೇಳಿದ ಮಾತನ್ನು ಸ್ವಲ್ಪ ತಡವಾಗಿ ಕೇಳುತ್ತಿತ್ತು. ಗ್ಯಾರೇಜನ್ನು ತಮ್ಮನಿಗೆ ಬಿಟ್ಟು ಅವರು ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ಕೂತಿರುತ್ತಿದ್ದರು. ಅಕ್ಕನ ಅಪ್ಪಣೆಯಾದ ಸಂಜೆಯೇ ಭಾವ ಮಂಡಿಯಿಂದ ನೇರ ಅಲ್ಲಿಗೆ ಹೋಗಿ, ಏಳು ಎಂದು, ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಮನೆಗೆ ಕರೆತಂದರು.

ಅಭ್ಯಾಸಕ್ಕೆ ಟೆರೇಸಿನ ಶೀಟಿನ ಕೋಣೆ ಖಾಲಿಯಿದೆ ಎಂದಳು ಅಕ್ಕ. ಭಾವ ತಮಗೆ ಮೆಟ್ಟಿಲು ಹತ್ತುವುದಕ್ಕೆ ಆಗುವುದಿಲ್ಲ ಎಂದುಬಿಟ್ಟರು. ದಿನವೂ ಮನೆಯ ಮೆಟ್ಟಿಲನ್ನೂ ಮೂಟೆಗಳ ರಾಶಿಯನ್ನೂ ಹತ್ತಿ ಇಳಿಯುವವರಿಗೆ ಇದೇನು ಹೊಸ ರೋಗ? ಕೊನೆಗೆ ಕಾರು ಬೀದಿಗೆ ಬಿತ್ತು, ಕಾರು ನಿಲ್ಲಿಸುವ ಜಾಗ ಸ್ಟುಡಿಯೋ ಆಯಿತು. ಸದ್ದು ಹೊರಗೆ ಹೋಗದಿರಲೆಂದು ಗೋಡೆಗೆ ಅಂಟಿಸಲು ಮೊಟ್ಟೆ ಟ್ರೇಗಳನ್ನು ಕೂಡಿಹಾಕುವ ಕೆಲಸ ನನ್ನ ಪಾಲಿಗೆ ಬಂತು. ಅಮೃತಹಳ್ಳಿಯಲ್ಲಿ ನಮ್ಮ ಮನೆ ಹತ್ತಿರದ ಬೇಕರಿಯವನು ಇಷ್ಟೊಂದು ಯಾಕೆ ಎಂದು ಕೇಳಿದ. ನಮ್ಮ ಭಾವ ಹಾಡುತ್ತಾರೆ ಎಂದೆ. 'ಎಸೆಯೋಕೆ ಮೊಟ್ಟೇನೂ ಬೇಕಲ್ವಾ ಮೇಡಂ, ಬರೀ ಟ್ರೇ ಸಾಕಾ?' ಎಂದ.

ಹೊಸ ಹಾಡುಗಳನ್ನು ಮೊದಲ ಸಲ ಕೇಳಿದಾಗ ನನಗೆ ಗಾಬರಿಯಾಯಿತು. ಪದಗಳು ಒಂದೊಂದೂ ಕೇಳಿಸುತ್ತಿದ್ದವು. ಗಿಟಾರು ಓಡುತ್ತಿರಲಿಲ್ಲ, ತುಂಬಿದ ಲಾರಿಯಂತೆ ಏರು ಹತ್ತುತ್ತಿತ್ತು. ಡ್ರಮ್ಮು ಹೆಜ್ಜೆ ಎಣಿಸಿ ಇಡುತ್ತಿತ್ತು. 'ಭಾವ, ಪದ ಕೇಳಿಸ್ತಿದೆಯಲ್ಲ' ಎಂದೆ. ಒಂದು ಕ್ಷಣ ಅವರ ಮುಖ ಬಾಡಿತು. ತಕ್ಷಣ ಸರಿಮಾಡಿಕೊಂಡು, 'ಇದು ಹೆಬ್ಬಾಳ ಫ್ಲೈಓವರ್ ಮೇಲಿನ ಹಾಡು ಕಣಮ್ಮ. ಇದನ್ನ ಸ್ಪೀಡಾಗಿ ಹಾಡಿದ್ರೆ ಯಾರು ನಂಬ್ತಾರೆ?' ಎಂದರು.

ದಿನಾ ಆ ಫ್ಲೈಓವರಿನ ಟ್ರಾಫಿಕ್ಕಿನಲ್ಲಿ ನಿಲ್ಲುವ ನಾನಂತೂ ನಂಬುತ್ತಿರಲಿಲ್ಲ. ಆಮೇಲೆ ನೋಡಿದರೆ ಅವರು ತರಲಿದ್ದ ಹೊಸ ಆಲ್ಬಮ್ಮಿನ ಹಾಡುಗಳೆಲ್ಲ ನಿಧಾನವಾಗಿಯೇ ಚಲಿಸುವ ವಸ್ತುಗಳ ಮೇಲಿದ್ದವು. ಒಂದು ಹೂಳು ತುಂಬಿದ ಕೆರೆಯ ಮೇಲೆ. ಇನ್ನೊಂದು ಕೋರ್ಟಿನಲ್ಲಿರುವ ಜಮೀನು ವ್ಯಾಜ್ಯದ ಮೇಲೆ. ಆ ಹಾಡು ಯಾವಾಗ ಮುಗಿಯುತ್ತದೆಂದು ಅದನ್ನು ನುಡಿಸುವ ಪ್ರಸಾದ್‌ಗೂ ತಿಳಿಯುತ್ತಿರಲಿಲ್ಲ. ಇವರು ವಿಷಯಕ್ಕೆ ತಕ್ಕ ವೇಗ ಹುಡುಕಿದರೋ, ವೇಗಕ್ಕೆ ತಕ್ಕ ವಿಷಯ ಹುಡುಕಿದರೋ ಎಂಬ ಅನುಮಾನ ಆಗ ನನಗೆ ಬರಲಿಲ್ಲ. ಅಕ್ಕ ಮಾತ್ರ ಬಾಗಿಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಾ, ಈಗ ಸ್ವಲ್ಪ ಹಾಡಿನ ತರ ಇದೆ ಎಂದಳು. ಅವತ್ತು ಭಾವ ಸರಿಯಾಗಿ ಊಟ ಮಾಡಲಿಲ್ಲ.

ರೆಕಾರ್ಡಿಂಗ್ ಹತ್ತಿರ ಬಂದಾಗ ಜಗಳವಾಯಿತು. ಅವತ್ತು ಮುನೀರ್ ಇನ್ನೂ ಬಂದಿರಲಿಲ್ಲ. ಯಲಹಂಕದಲ್ಲಿ ಒಬ್ಬ ಕಾಲೇಜು ಹುಡುಗ ಅದ್ಭುತವಾಗಿ ಬಾರಿಸುತ್ತಾನೆ, ಆಲ್ಬಮ್ಮಿಗೆ ಮಾತ್ರ ಅವನನ್ನು ಕರೆಸೋಣ, ಒಂದೇ ಒಂದು ಸಲ ಹಳೆಯ ವೇಗದಲ್ಲಿ ನುಡಿಸಿ ಮುಗಿಸೋಣ ಎಂದು ಪ್ರಸಾದ್ ಮೆಲ್ಲಗೆ ಹೇಳಿದರು. ಭಾವನ ದನಿ ಏರಲಿಲ್ಲ. ಅದೇ ನನಗೆ ಆಶ್ಚರ್ಯ.

'ಮುನೀರ್‌ಗೂ ಇದಕ್ಕೂ ಏನೋ ಸಂಬಂಧ? ನಿಧಾನ ಬೇಕು ಅಂದಿದ್ದು ನಾನು. ನಮ್ಮ ಸೌಂಡು ಬೆಳೆದಿದೆ.'

'ಬೆಳೆದಿಲ್ಲ ಗುರು, ವಯಸ್ಸಾಗಿದೆ' ಎಂದರು ಪ್ರಸಾದ್.

'ಎರಡೂ ಒಂದೇ ಕಣೋ. ಒಪ್ಪಿಗೆ ಇದ್ರೆ ನುಡಿಸು, ಇಲ್ಲಾಂದ್ರೆ ಮನೇಲಿ ನುಡಿಸ್ಕೊ.'

ಪ್ರಸಾದ್ ಗಿಟಾರು ಎತ್ತಿಕೊಂಡು ಹೋದರು. ಮುಂದಿನ ವಾರ ತಾವಾಗಿಯೇ ಬಂದರು. ಅವರ ಮನೆಯಲ್ಲಿ ಅದಕ್ಕೆ ಪ್ಲಗ್ ಹಾಕಲು ಯಾರೂ ಬಿಟ್ಟಿರಲಿಲ್ಲ.

ಆಲ್ಬಂ ಇಂಟರ್ನೆಟ್ಟಿಗೆ ಬಂತು. ಅಂಕಲ್‌ಗಳು ಭಜನೆ ಶುರುಮಾಡಿದ್ದಾರೆ ಎಂದು ಒಬ್ಬ ಬರೆದ. ಗರಗಸದ ನಾದ ಪ್ರೌಢವಾಗಿದೆ, ಭಾರ ಬಂದಿದೆ ಎಂದು ಇನ್ನೊಬ್ಬ ಬರೆದ. ಭಾವ ಎರಡನ್ನೂ ಮುನೀರ್ ಮುಂದೆ ಗಟ್ಟಿಯಾಗಿ ಓದಿ, ಎರಡಕ್ಕೂ ತಾವೇ ಹೊಣೆ ಎಂದರು. ನನಗೋ ಇದೆಲ್ಲ ಕಲಾವಿದರ ಹಟವೆಂದೇ ಅನ್ನಿಸಿತ್ತು.

ಯಲಹಂಕದ ಹತ್ತಿರದ ಒಂದು ಸಣ್ಣ ಹಾಲ್‌ನಲ್ಲಿ ಭಾನುವಾರ ಮಧ್ಯಾಹ್ನ ಕಾರ್ಯಕ್ರಮ. ಬೆಳಿಗ್ಗೆ ಕೆಂಪಾಪುರದಲ್ಲಿ ಡ್ರಮ್ಮುಗಳನ್ನು ತುಂಬಲು ಬಂದ ಟೆಂಪೋದವನು ರಿವರ್ಸ್ ತೆಗೆಯುತ್ತಾ ಗೇಟಿಗೆ ತಗುಲಿಸುವುದರಲ್ಲಿದ್ದ. ಭಾವ ಬಾಗಿಲಲ್ಲೇ ನಿಂತು 'ಏಯ್' ಎಂದರು. ಟೆಂಪೋ ನಿಂತಿತು. ಬೀದಿಯ ಆ ತುದಿಯಲ್ಲಿ ಹೋಗುತ್ತಿದ್ದ ಸ್ಕೂಟರು, ತರಕಾರಿ ಗಾಡಿ, ಎರಡು ನಾಯಿ, ಎಲ್ಲವೂ ನಿಂತವು. ಮುನೀರ್‌ರನ್ನು ಕಾರಿನಲ್ಲಿ ಕರೆತರುವ ಕೆಲಸ ನನ್ನದಾದ್ದರಿಂದ ನಾನು ಆರ್.ಟಿ. ನಗರಕ್ಕೆ ಹೊರಟೆ.

ಮುನೀರ್ ಮೊದಲು ಸೀಟಿನ ಮೇಲೆ ಕೂತು, ಆಮೇಲೆ ಎಡಗಾಲನ್ನು ಎರಡೂ ಕೈಯಿಂದ ಎತ್ತಿ ಒಳಗಿಟ್ಟುಕೊಂಡರು. ತೊಡೆಯ ಮೇಲೆ ಒಂದು ಫ್ಲಾಸ್ಕು. ಹೆಬ್ಬಾಳದಲ್ಲಿ ಭಾನುವಾರವೂ ಗಾಡಿಗಳು ನಿಂತಿದ್ದವು. ಅಲ್ಲಿ ಅವರು ಬಾಯಿಬಿಟ್ಟರು.

'ಸಿಸ್ಟರ್, ಒಂದ್ ಮಾತು. ನಿಮ್ ಭಾವಂಗೆ ನಾನು ಹೇಳ್ದೆ ಅಂತ ಹೇಳ್ಬೇಡಿ. ಅವ್ರ ಗಂಟಲು ಹೋಗ್ಬಿಟ್ಟಿದೆ.'

ನಾನು ಅವರತ್ತ ತಿರುಗಿದೆ.

'ಫಸ್ಟ್ ಪ್ರಾಕ್ಟೀಸ್ ದಿನಾನೇ ನನ್ ಕೈ ಹಿಡ್ಕೊಂಡು ಹೇಳಿದ್ರು. ಮುನೀರ್, ಮೊದಲಿನ ಸ್ಪೀಡಲ್ಲಿ ಹಾಡೋಕೆ ನನ್ ಕೈಲಿ ಆಗ್ತಿಲ್ಲ, ಸ್ವಲ್ಪ ನಿಧಾನ ಬಾರಿಸು, ಮನೇಲಿ ಯಾರ್ಗೂ ಗೊತ್ತಾಗೋದು ಬೇಡ ಅಂತ. ಅದಕ್ಕೇ ಅವ್ರಿಗೋಸ್ಕರ ತಡ್ಕೊಂಡು ಬಾರಿಸ್ತಾ ಇದ್ದೀನಿ. ಪಾಪ, ಹೆಂಗಿತ್ತು ಆ ಗಂಟಲು.'

ಬೆಳಗಿನ 'ಏಯ್' ಇನ್ನೂ ನನ್ನ ಕಿವಿಯಲ್ಲಿ ಗುಂಯ್‌ಗುಡುತ್ತಿತ್ತು. ನಾನು ಹೂಂ ಎಂದೆ. ಮುಂದಿನ ಗಾಡಿ ಕದಲಿತು. ಹಿಂದಿನವನು ಹಾರನ್ ಹೊಡೆದ ಮೇಲೆ ನನಗೆ ಗೇರ್ ಹಾಕಬೇಕೆಂದು ಹೊಳೆಯಿತು.

ಹಾಲ್ ತುಂಬಿತ್ತು. ನರೆತ ಜುಟ್ಟಿನವರು, ಬೊಜ್ಜಿನ ಮೇಲೆ ಬಿಗಿಯಾದ ಕಪ್ಪು ಟೀ ಶರ್ಟಿನವರು, ಅವರ ನಡುವೆ ಕಾಲೇಜು ಹುಡುಗರು. ಹೊಸ ಹಾಡುಗಳಿಗೆ ಜನ ತಲೆ ಆಡಿಸಿದರು, ಚಪ್ಪಾಳೆಯೂ ಬಿತ್ತು. ಆಮೇಲೆ ಹಿಂದಿನಿಂದ ಯಾರೋ ಕ್ಯಾಸೆಟ್ಟಿನ ಮೊದಲ ಹಾಡು ಬೇಕೆಂದರು. ಅದು ಗರಗಸದ ಹಾಡುಗಳಲ್ಲೆಲ್ಲ ಅತಿ ವೇಗದ್ದು. ಸ್ವಲ್ಪ ಹೊತ್ತಿನಲ್ಲಿ ಇಡೀ ಹಾಲ್ ಅದರ ಹೆಸರು ಹೇಳಿ ಕಾಲು ಬಡಿಯತೊಡಗಿತು. ಪ್ರಸಾದ್ ಭಾವನ ಮುಖ ನೋಡಿದರು. ಮುನೀರ್ ಕೋಲುಗಳನ್ನು ಎತ್ತಿ ಹಿಡಿದರು. ಅವರು ಸಿದ್ಧರಾಗಿದ್ದರು, ಅದನ್ನು ನೋಡುವುದು ನನಗೆ ಕಷ್ಟವಾಯಿತು.

ಭಾವ ಕೈ ಎತ್ತಿ ಎಲ್ಲರನ್ನೂ ಸುಮ್ಮನಿರಿಸಿದರು.

'ಕ್ಷಮಿಸ್ಬೇಕು. ನನ್ನ ಗಂಟಲು ಮೊದಲಿನ ಹಾಗಿಲ್ಲ. ಆ ಹಾಡು ಇನ್ನು ನನ್ನ ಕೈಲಿ ಆಗಲ್ಲ.'

ದನಿಯನ್ನು ಅವರು ಎಲ್ಲಿಂದಲೋ ತಂದು ಒಡಕು ಮಾಡಿಕೊಂಡಿದ್ದರು. ಆ ಗಂಟಲನ್ನು ಕೇಳಲೆಂದೇ ಬಂದಿದ್ದ ಅಷ್ಟು ಜನರ ಎದುರು, ಅದು ಹೋಯಿತೆಂದು ಅವರೇ ಒಪ್ಪಿಕೊಂಡರು. ನನ್ನ ಮುಂದೆ ಕೂತಿದ್ದ ಒಬ್ಬ ನರೆತ ಜುಟ್ಟಿನವರು ಛೆ ಎಂದು ತಲೆ ತಗ್ಗಿಸಿದರು. ನಾನು ಅಕ್ಕನ ಕಡೆ ನೋಡಿದೆ. ಅವಳು ಕಣ್ಣು ಒರೆಸಿಕೊಳ್ಳುತ್ತಿದ್ದಳು. ನಿನಗೆ ಮೊದಲೇ ಗೊತ್ತಿತ್ತಾ ಎಂದು ಪಿಸುಗುಟ್ಟಿದೆ.

'ಮೆಟ್ಟಿಲು ಹತ್ತೋಕಾಗಲ್ಲ ಅಂದ್ರಲ್ಲ, ಅವತ್ತೇ' ಎಂದಳು.

ಅಷ್ಟರಲ್ಲಿ ಮುನೀರ್ ಸ್ಟ್ಯಾಂಡ್ ಹಿಡಿದು ಎದ್ದರು. ಫ್ಲಾಸ್ಕು ತೆಗೆದುಕೊಂಡು, ಎಡಗಾಲು ಎಳೆಯುತ್ತಾ, ವೈರುಗಳನ್ನು ದಾಟಿಕೊಂಡು ಮುಂದೆ ಬಂದರು. ಮುಚ್ಚಳಕ್ಕೆ ಕಷಾಯ ಬಗ್ಗಿಸಿ ಭಾವನ ಕೈಗಿತ್ತು, 'ಬಿಸಿ ಇದೆ ಗುರು, ನಿಧಾನ' ಎಂದದ್ದು ಮೈಕಿನಲ್ಲಿ ಎಲ್ಲರಿಗೂ ಕೇಳಿಸಿತು. ಜನ ಚಪ್ಪಾಳೆ ತಟ್ಟಿದರು. ಭಾವ ಒಂದು ತೊಟ್ಟೂ ಬಿಡದೆ ಕುಡಿದು ಮುಚ್ಚಳ ಹಿಂದಿರುಗಿಸಿದರು. ಮುನೀರ್ ಅವರ ಬೆನ್ನು ನೇವರಿಸಿ ಹಿಂದಕ್ಕೆ ಹೊರಟರು. ಆ ನಾಲ್ಕು ಹೆಜ್ಜೆ ನಡೆಯಲು ಅವರಿಗೆ ಬಹಳ ಹೊತ್ತು ಹಿಡಿಯಿತು. ಅವರು ಡ್ರಮ್ಮಿನ ಹಿಂದೆ ಸ್ಟೂಲಿನ ಮೇಲೆ ಸರಿಯಾಗಿ ಕೂತು, ಎಡಗಾಲನ್ನು ಪೆಡಲಿನ ಮೇಲೆ ಎತ್ತಿಟ್ಟುಕೊಳ್ಳುವವರೆಗೂ ಭಾವ ಮೈಕಿನ ಮುಂದೆ ನಿಂತು ಕೆಮ್ಮುತ್ತಲೇ ಇದ್ದರು.