ಬೆಂಗಳೂರು ನೋಡದ ಕಂಡಕ್ಟರ್

ನಮ್ಮ ಸೋದರಮಾವನಷ್ಟು ಸಲ ಬೆಂಗಳೂರಿಗೆ ಹೋಗಿಬಂದವರು ಹಾವೇರಿ, ಬ್ಯಾಡಗಿ, ರಾಣೇಬೆನ್ನೂರು ಈ ಮೂರೂ ತಾಲೂಕು ಜಾಲಾಡಿದರೂ ಸಿಗಲಿಕ್ಕಿಲ್ಲ. ಬೆಂಗಳೂರನ್ನು ಅವರಷ್ಟು ಕಡಿಮೆ ನೋಡಿದವರೂ ಸಿಗಲಿಕ್ಕಿಲ್ಲ! ಇದೇನು ಒಗಟು ಅಂತೀರಾ? ಒಗಟೂ ಇಲ್ಲ, ಮಣ್ಣೂ ಇಲ್ಲ. ಮಾವ ರಾತ್ರಿ ಬಸ್ಸಿನ ಕಂಡಕ್ಟರ್ ಆಗಿದ್ದರು. ರಾಣೇಬೆನ್ನೂರಿನಿಂದ ಕತ್ತಲಲ್ಲಿ ಹೊರಟು ನಸುಕಿಗೆ ಬೆಂಗಳೂರು ಮುಟ್ಟುವುದು, ಹಗಲೆಲ್ಲ ಡಿಪೋದ ಕೋಣೆಯಲ್ಲಿ ಮಲಗುವುದು, ಹೊತ್ತು ಮುಳುಗಿದ ಮೇಲೆ ಎದ್ದು ಮತ್ತೆ ಊರಿನ ಕಡೆ ಹೊರಳುವುದು. ಇಡೀ ಸರ್ವಿಸು ಹೀಗೇ ಕಳೆಯಿತು. ಬೆಂಗಳೂರೆಂದರೆ ಅವರ ಪಾಲಿಗೆ ಒಂದು ಬಸ್ ಸ್ಟ್ಯಾಂಡು, ಒಂದು ಕಬ್ಬಿಣದ ಮಂಚ, ತಲೆಯ ಮೇಲೆ ಕಿರುಗುಟ್ಟುವ ಒಂದು ಫ್ಯಾನು, ಡಿಪೋದೊಳಗಿನ ಒಂದು ಚಹಾದಂಗಡಿ.

ಇಷ್ಟೇ ಆಗಿದ್ದರೆ ನಾನು ಬರೆಯುವ ಕಷ್ಟ ತೆಗೆದುಕೊಳ್ಳುತ್ತಿರಲಿಲ್ಲ. ತೊಡಕು ಏನೆಂದರೆ, ಇದು ನಮ್ಮ ಅತ್ತೆಗೆ ಗೊತ್ತಿರಲಿಲ್ಲ. ಅತ್ತೆಯ ಲೆಕ್ಕದಲ್ಲಿ ಮಾವ ಬೆಂಗಳೂರಿನ ಓಣಿ ಓಣಿ ಅರೆದು ಕುಡಿದ ಮನುಷ್ಯ. ಹಾಗಂತ ಅವರಿಗೆ ಹೇಳಿದ್ದು ಯಾರು? ಸಾಕ್ಷಾತ್ ಮಾವನೇ.

ಮಾವನ ಸ್ವಭಾವ ಸ್ವಲ್ಪ ಹೇಳಿಬಿಡುತ್ತೇನೆ. ನಿವೃತ್ತಿಯಾದರೂ ಅವರೊಳಗಿನ ಕಂಡಕ್ಟರ್ ಇನ್ನೂ ಬಸ್ಸಿನಿಂದ ಇಳಿದಿಲ್ಲ. ಸೀಟಿ ಜೇಬಿನಲ್ಲೇ ಇರುತ್ತದೆ. ಮದುವೆಯ ಪಂಕ್ತಿಯಲ್ಲಿ ಜನ ಬಾಗಿಲಲ್ಲಿ ಗುಂಪುಗಟ್ಟಿದರೆ ಸಾಕು, "ಒಳಗ ಸರೀರಿ, ಒಳಗ ಸರೀರಿ, ಹಿಂದ ಖಾಲಿ ಐತಿ" ಎಂದು ಶುರು ಮಾಡುತ್ತಾರೆ. ಒಮ್ಮೆ ಬೀಗರ ಮನೆಯ ಹಿರಿಯರನ್ನು ಹೀಗೇ ಹಿಂದಕ್ಕೆ ಸರಿಸಿ ಸರಿಸಿ ಅಡುಗೆಮನೆಗೆ ಮುಟ್ಟಿಸಿದ್ದರು. ಪಾಪ, ಅವರು ಅಲ್ಲಿಯೇ ಒಂದು ಮಣೆ ಹಾಕಿಸಿಕೊಂಡು ಉಂಡು ಹೋದರು.

ಇಂಥ ಮಾವ ನಿವೃತ್ತಿಯಾದ ಮರುದಿನ ಅತ್ತೆ ಕೇಳಿದ್ದು ಒಂದೇ ಮಾತು. "ಇನ್ನರ ನನ್ನ ಬೆಂಗಳೂರಿಗೆ ಕರಕೊಂಡ ಹೋಗ್ರೆಪಾ."

ಅತ್ತೆಯೆಂದರೆ ರಾಣೇಬೆನ್ನೂರಿನ ಆಚೆಗೆ ಹೆಚ್ಚು ಹೋದವರಲ್ಲ. ಹಾಸಿಗೆ ಹಿಡಿದ ನಮ್ಮ ಅಜ್ಜಿ, ಹಿತ್ತಲಿನಲ್ಲಿ ಎರಡು ಎಮ್ಮೆ, ಬಂದುಹೋಗುವ ನೆಂಟರು. ಬಿಟ್ಟು ಹೋಗುವುದಾದರೂ ಹೇಗೆ? ಅಜ್ಜಿ ತೀರಿಕೊಂಡಿದ್ದರು, ಎಮ್ಮೆಗಳನ್ನು ಮಾರಿಯಾಗಿತ್ತು. ಈಗ ನೆಪ ಹೇಳಲು ಮಾವನ ಬಳಿ ಏನೂ ಉಳಿದಿರಲಿಲ್ಲ.

ಮಾವನ ಗುಟ್ಟು ನನಗೆ ಗೊತ್ತಾದದ್ದು ಆಕಸ್ಮಿಕವಾಗಿ. ನಾನು ಹಾವೇರಿಯಲ್ಲಿ ಶಾಲಾ ಮಾಸ್ತರಿಣಿ. ತರಬೇತಿಗೆಂದು ಬೆಂಗಳೂರಿಗೆ ಹೋದಾಗ, ಅತ್ತೆ ಚಿಕ್ಕಂದಿನಿಂದ ನನ್ನ ಕಿವಿಯಲ್ಲಿ ತುಂಬಿದ್ದ ಬೆಂಗಳೂರನ್ನು ಹುಡುಕಿಕೊಂಡು ಹೊರಟೆ. ಮಲ್ಲೇಶ್ವರದಲ್ಲಿ ಪ್ರತಿ ಮನೆಯ ಗೇಟಿಗೂ ಮಲ್ಲಿಗೆ ಬಳ್ಳಿ, ಹಾದಿಹೋಕರು ಯಾರು ಬೇಕಾದರೂ ಹರಿದುಕೊಂಡು ಮುಡಿಯಬಹುದಂತೆ. ಚಾಮರಾಜಪೇಟೆಯಲ್ಲಿ ಮನೆಗೊಂದು ಕಟ್ಟೆ, ದಣಿದವರು ಕೂತರೆ ಒಳಗಿನಿಂದ ನೀರು, ಬೆಲ್ಲ ಬರುತ್ತದೆ. ಹಲಸೂರಿನ ಕೆರೆಯಲ್ಲಂತೂ ದೋಣಿಯೊಳಗೆ ಹಂಚಿಟ್ಟು ಬಿಸಿ ದೋಸೆ ಹುಯ್ದು ಕೊಡುತ್ತಾರೆ! ಮಲ್ಲಿಗೆ ಸಿಗಲಿಲ್ಲ, ಬೆಲ್ಲವೂ ಬರಲಿಲ್ಲ. ಕೆರೆಯ ದಂಡೆಯಲ್ಲಿ ಕಾವಲುಗಾರನೊಬ್ಬನನ್ನು ದೋಣಿ ದೋಸೆ ಎಲ್ಲಿ ಸಿಗುತ್ತದೆಂದು ಕೇಳಿದೆ. ಅವನು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿ, "ಯಾವೂರಮ್ಮ ನಿಮ್ದು?" ಎಂದ.

ತಿರುಗಿ ಬಂದವಳೇ ರಾಣೇಬೆನ್ನೂರಿಗೆ ಹೋಗಿ ಮಾವನನ್ನು ತರಾಟೆಗೆ ತೆಗೆದುಕೊಂಡೆ. ಅವರು ನನ್ನನ್ನು ಸರಕ್ಕನೆ ಹೊರಗೆ ಕರೆದುಕೊಂಡು ಬಂದು ಬಸ್ ಸ್ಟ್ಯಾಂಡಿನ ಚಹಾದಂಗಡಿಯಲ್ಲಿ ಕೂರಿಸಿದರು.

"ಏನ ಮಾಡ್ಲೆವಾ? ನಾ ಡ್ಯೂಟಿ ಮುಗಿಸಿ ಮನಿಗೆ ಬರೂದ್ರಾಗ ನಿಮ್ಮತ್ತಿ ಎಮ್ಮಿ ಹಿಂಡಿ, ಕೈ ತೊಳಕೊಂಡು, ಚಾ ಹಿಡಕೊಂಡು ಎದುರಿಗೆ ಕುಂದರತಿದ್ಲು. 'ಏನೇನ ನೋಡಿದ್ರಿ, ಹೇಳ್ರಿ' ಅಂತಿದ್ಲು. ಆ ಮಾರಿ ನೋಡಿ ಪಂಖಾ ನೋಡಿ ಬಂದೇನಿ ಅಂತ ಹೇಳಾಕ ಆಗತೈತೇನು?"

"ಹಂಗಂತ ದೋಣ್ಯಾಗ ದೋಸಿ ಹುಯ್ಯೂದೇನ ಮಾಮಾ?"

"ಒಂದಿನ ಹೇಳಾಕ ಏನೂ ಸಿಗಲಿಲ್ಲ. ದೋಣಿ ಹೇಳಿದೆ, ನಕ್ಕಳು. ದೋಸಿ ಸೇರಿಸಿದೆ, ಇನ್ನೂ ನಕ್ಕಳು." ಮಾವ ಚಹಾದ ಲೋಟವನ್ನು ಒಂದು ಸುತ್ತು ತಿರುಗಿಸಿದರು. ಆಮೇಲೆ, "ಖರೇ ಅಂದ್ರ ನನಗೂ ನೋಡೂ ಆಸೆ ಭಾಳ ಐತಿ. ನಸಿಕಿನ್ಯಾಗ ಮಂದಿ ಬಸವನಗುಡಿ ಅಂತಿದ್ರು, ಗಾಂಧಿಬಜಾರ ಅಂತಿದ್ರು, ಆಟೋ ಹತ್ತಿ ಹೋಗತಿದ್ರು. ನಾ ಖಾಲಿ ಬಸ್ಸಿನ್ಯಾಗ ನಿಂತು ಆ ಹೆಸರು ಕೇಳತಿದ್ದೆ. ಒಮ್ಮೆ ಗೇಟಿನ ತನಕ ಹೋಗಿದ್ದೆ. ನಿದ್ದಿಗೆಟ್ಟರ ರಾತ್ರಿ ಟಿಕೀಟಿನ ಲೆಕ್ಕ ತಪ್ಪತೈತಿ ಅಂತ ಹೊಳ್ಳಿ ಬಂದೆ" ಎಂದರು.

ನನಗೆ ನಗಬೇಕೋ ಮರುಗಬೇಕೋ ತಿಳಿಯಲಿಲ್ಲ. ಬಾಯಿ ಬಿಡುವುದಿಲ್ಲವೆಂದು ಮಾತು ಕೊಟ್ಟು ಎದ್ದೆ.

ಅತ್ತೆಯನ್ನು ಒಬ್ಬರನ್ನೇ ಕರೆದೊಯ್ದರೆ ಬಣ್ಣ ಬಯಲಾಗುವುದು ಗ್ಯಾರಂಟಿ. ಅದಕ್ಕೆ ಮಾವ ಒಂದು ಉಪಾಯ ಹೂಡಿದರು. ಗುಂಪಿನಲ್ಲಿ ಹೋಗುವುದು! ಗುಂಪಿದ್ದರೆ ಯಾರಾದರೊಬ್ಬರು ದಾರಿ ಕೇಳುತ್ತಾರೆ, ಇವರು ಮೊದಲೇ ಗೊತ್ತಿದ್ದವರಂತೆ ತಲೆಯಾಡಿಸುತ್ತ ಹಿಂದೆ ನಡೆದರಾಯಿತು. ಅರಮನೆ, ವಿಧಾನಸೌಧ ಯಾವುದೂ ಬೇಡ, ಬರೀ ಓಣಿಗಳು. ಒಂದು ದಿನಕ್ಕೆ ಒಂದು ಪೇಟೆ. ಮತ್ತೆ ಇಡೀ ಪ್ರವಾಸ 'ಫ್ಲೆಕ್ಸಿಬಲ್'. ಈ ಶಬ್ದವನ್ನು ಯಾವ ಪ್ಯಾಸೆಂಜರ್ ಬಿಟ್ಟುಹೋಗಿದ್ದನೋ, ಮಾವ ಅದನ್ನು ಎತ್ತಿಟ್ಟುಕೊಂಡಿದ್ದರು. "ಯಾರಿಗೆ ಎಲ್ಲಿ ಬೇಕೋ ಅಲ್ಲಿ ಇಳಿಯೂದು, ಎಲ್ಲಿ ಬೇಕೋ ಅಲ್ಲಿ ಹತ್ತೂದು. ಯಾರ್ದೂ ಒತ್ತಾಯ ಇಲ್ಲ" ಎಂದು ಸಾರಿದರು.

ಗುಂಪಿಗೆ ಸೇರಿದವರು ನಾನು, ಅತ್ತೆ, ಡ್ರೈವರ್ ಚಾಚಾ ಮತ್ತು ಬ್ಯಾಡಗಿ ಕಾಕಾ. ಚಾಚಾ ಮಾವನ ಬಸ್ಸನ್ನು ವರ್ಷಗಟ್ಟಲೆ ಓಡಿಸಿದವರು. ಈಗಲೂ ಮಾವನ ಪಕ್ಕದಲ್ಲಿ ಕೂತರೆ ಸೀಟಿ ಆಗುವವರೆಗೆ ಏಳುವುದಿಲ್ಲ. ಬ್ಯಾಡಗಿ ಕಾಕಾ ಮಾವನ ಷಡ್ಡಕರು, ಮೆಣಸಿನಕಾಯಿ ದಲಾಲಿ. ಇವರದೊಂದು ವಿಶೇಷ. ಇವರಿಗೆ ಎಂದೂ ಸೀನು ಬರುವುದಿಲ್ಲ, ಇವರ ಅಂಗಿಯ ಘಾಟಿಗೆ ಸುತ್ತಲಿನವರು ಮಾತ್ರ ಸೀನಿ ಸೀನಿ ಸುಸ್ತಾಗುತ್ತಾರೆ.

ಪ್ರತಿ ಭಾನುವಾರ ಮಾವನ ಪಡಸಾಲೆಯಲ್ಲಿ ಮಂಡಕ್ಕಿಯ ಗಿರಮಿಟ್ಟು ತಿನ್ನುತ್ತ ನಮ್ಮ ಸಭೆ. ಅತ್ತೆ ಪ್ರತಿ ಸಲವೂ, "ಮೊದಲ ಹಲಸೂರ ಕೆರಿ. ದೋಸಿ ತಿಂದು ಮುಂದಿನ ಮಾತು" ಎನ್ನುವರು. ಮಾವ ಕೂಡಲೇ ಸೀಟಿ ಊದಿ, "ಚಾ ತರ್ರಿ" ಎಂದು ವಿಷಯ ಹಾರಿಸುವರು. ಮಾವ ಕಟ್ಟಿದ ಕಥೆ ಗೊತ್ತಿರದ ಚಾಚಾ ಏನಾದರೂ ಹೇಳಲು ಬಾಯಿ ತೆರೆದರೂ ಸೀಟಿ. ಆ ಮನೆಯಲ್ಲಿ ಆಗ ಕುಡಿದಷ್ಟು ಚಹಾ ನಾನು ಜನ್ಮದಲ್ಲಿ ಕುಡಿದಿಲ್ಲ.

ದಿನ ಗೊತ್ತು ಮಾಡುವುದು, ಮುಂದೂಡುವುದು ನಡೆದೇ ಇತ್ತು. ಒಮ್ಮೆ ಗುತ್ತಲದಲ್ಲಿ ಯಾರದೋ ಮದುವೆ. ಒಮ್ಮೆ ನನ್ನ ಶಾಲೆಯ ಪರೀಕ್ಷೆ. ಒಮ್ಮೆ ಚಾಚಾರ ಮೊಣಕಾಲು. ಏನೂ ಸಿಗದಿದ್ದಾಗ ಮಾವ, "ತಾಲೀಮ ಮಾಡದ ನಾಟಕ ಹಚ್ಚತಾರೇನು ಯಾರರ? ಮೊದಲ ಹಾವೇರ್ಯಾಗ ಒಂದ ತಾಲೀಮ ಆಗಲಿ" ಎಂದರು. ಬೆಂಗಳೂರಿನ ಓಣಿ ತಿರುಗಲು ಹಾವೇರಿಯಲ್ಲಿ ತಾಲೀಮು! ಎಲ್ಲರೂ ಬಸ್ ಸ್ಟ್ಯಾಂಡಿನಿಂದ ತಮಗೆ ಬೇಕಾದ ಕಡೆ ಹೋಗುವುದು, ಸಂಜೆ ಅಲ್ಲಿಯೇ ಕೂಡುವುದು.

ಸಂಜೆ ನಾನು ಬಂದು ನೋಡಿದರೆ ಬ್ಯಾಡಗಿ ಕಾಕಾ ನಾಪತ್ತೆ. ಫೋನು ಮಾಡಿದರೆ ಬ್ಯಾಡಗಿಯಿಂದ ಮಾತಾಡಿದರು. ದಾರಿಯಲ್ಲಿ ರೈಲು ಸ್ಟೇಷನ್ ಕಂಡಿತಂತೆ, ಗಾಡಿಯೂ ನಿಂತಿತ್ತಂತೆ, ಹತ್ತಿ ಅಂಗಡಿಗೆ ಹೋಗಿಬಿಟ್ಟರಂತೆ. "ನೀವ ಫ್ಲೆಕ್ಸಿಬಲ್ ಅಂದಿದ್ರೆಲ್ಲ" ಎಂದು ನನಗೇ ತಿರುಗಿ ಹೇಳಿದರು. ಚಾಚಾ ಇಡೀ ದಿನ ಹೈವೇ ಬದಿಗೆ ನಿಂತು ಬೇರೆಯವರು ಗಾಡಿ ಓಡಿಸುವುದನ್ನು ಬೈದು ಬಂದಿದ್ದರು. ಮಾವನಂತೂ ಬಸ್ ಸ್ಟ್ಯಾಂಡು ಬಿಟ್ಟು ಕದಲಿರಲೇ ಇಲ್ಲ. ಅಪರಿಚಿತರನ್ನು ಅವರವರ ಬಸ್ಸಿಗೆ ಹತ್ತಿಸುತ್ತ ನಿಂತಿದ್ದರು.

ಊರು ತಿರುಗಿದ್ದು ಅತ್ತೆಯೊಬ್ಬರೇ. ಹಳೇ ಕಲ್ಲಿನ ಗುಡಿಯಲ್ಲಿ ಕೂತು ಕಂಬಗಳಿಗೆ ಕೈಯಾಡಿಸಿ ಬಂದಿದ್ದರು. ಕೋರ್ಟಿನ ಎದುರು ಟೈಪು ಮಾಡುವವರ ಬೆರಳು ನೋಡಿದ್ದರು. ಬಳೆ ಅಂಗಡಿಯ ಮುದುಕಿಯ ಸಂಗಡ ಮಾತಾಡಿ ಅವಳ ಮಗಳ ಬಾಣಂತನದ ತನಕ ವಿಚಾರಿಸಿದ್ದರು. ಕೆನ್ನೆ ಕೆಂಪಗಾಗಿತ್ತು, ಸೆರಗಿಗೆಲ್ಲ ಧೂಳು. "ಹಾವೇರೀನ ಇಷ್ಟ ಚೆಂದ ಐತಿ, ಬೆಂಗಳೂರ ಹೆಂಗಿರಬೇಕು?" ಎಂದು ಮಾವನ ಮುಖ ನೋಡಿದರು. ಮಾವ ಬೇರೆ ಕಡೆ ಹೊರಳಿ ಯಾರದೋ ಗಂಟು ಎತ್ತಿ ಬಸ್ಸಿನೊಳಗೆ ಇಟ್ಟರು. ಒಂದು ಊರನ್ನು ನೋಡುವ ಹಸಿವು ಅಷ್ಟು ವರ್ಷ ಹಿತ್ತಲಿನಲ್ಲಿ ಹೇಗೆ ಸುಮ್ಮನೆ ಕೂತಿತ್ತೋ!

ಬಯಲಾಗುವ ದಿನ ಬಂದೇಬಿಟ್ಟಿತು. ಮೆಣಸಿನಕಾಯಿ ಸುಗ್ಗಿ. ಬ್ಯಾಡಗಿ ಕಾಕಾ ಮಾರುಕಟ್ಟೆಯಿಂದ ಸೀದಾ ಸಭೆಗೆ ಬಂದರು, ಅಂಗಿ ಕೂಡ ಬದಲಿಸಿರಲಿಲ್ಲ. ಅವರು ಪಡಸಾಲೆಗೆ ಕಾಲಿಟ್ಟದ್ದೇ ತಡ, ಮಾವನಿಗೆ ಸೀನು ಹಿಡಿಯಿತು. ಒಂದರ ಹಿಂದೆ ಒಂದು, ಉಸಿರಿಗೂ ಬಿಡುವಿಲ್ಲ. ಆಗಲೇ ಅತ್ತೆ ಚಾಚಾರ ಮುಂದೆ ಗಿರಮಿಟ್ಟಿನ ತಾಟು ಇಡುತ್ತ, "ಅಣ್ಣಾರ, ನೀವೂ ಆ ದೋಣ್ಯಾಗಿನ ದೋಸಿ ತಿಂದೀರೇನ್ರಿ?" ಎಂದು ಕೇಳಿಬಿಟ್ಟರು. ಮಾವ ಸೀಟಿ ಬಾಯಿಗಿಟ್ಟರು. ಬಂದದ್ದು ಸೀನು.

"ಎಂಥಾ ದೋಸಿ ಭಾಬಿ?" ಎಂದರು ಚಾಚಾ ಮುಗ್ಧವಾಗಿ. "ನಾವು ಬೆಂಗಳೂರ ಮುಟ್ಟಿದ್ವಿ ಅಂದ್ರ ಡಿಪೋದಾಗ ಬಿದ್ದಕೋತಿದ್ವಿ. ಹೊತ್ತು ಮುಣುಗಿದ ಮ್ಯಾಲೆ ಎದ್ದು ವಾಪಸ್. ನಿಮ್ಮ ಯಜಮಾನರು ಬೆಂಗಳೂರಾಗ ಕೇಳಿದ್ದು ನನ್ನ ಗೊರಕಿ, ನೋಡಿದ್ದು ಪಂಖಾ. ಗೇಟ ದಾಟಿದವರ ಅಲ್ಲ."

ಮಾವನ ಸೀನು ತಟ್ಟನೆ ನಿಂತಿತು. ಕಾಕಾ ಗಿರಮಿಟ್ಟು ಅಗಿಯುವುದನ್ನು ಬಿಟ್ಟರು. ಅತ್ತೆ ಅಲ್ಲಿಯೇ ಕಂಬಕ್ಕೆ ಒರಗಿ ಕೂತರು.

"ಮಲ್ಲೇಶ್ವರದ ಮಲ್ಲಿಗಿ?" ಎಂದು ಮೆಲ್ಲಗೆ ಕೇಳಿದರು.

"ಯಾರೋ ಪ್ಯಾಸೆಂಜರ್ ಹೇಳಿದ್ರು. ಸ್ವಲ್ಪ ನಾ ಕೂಡಿಸಿದೆ."

"ಆ ನೀರು, ಬೆಲ್ಲ?"

"ಅದು ಪೂರಾ ನಂದ" ಎಂದು ಮಾವ ತಲೆ ತಗ್ಗಿಸಿದರು. "ನೀ ದಿನಾ ದಾರಿ ಕಾಯ್ಕೋತ ಕುಂತಿರತಿದ್ದಿ. ಬರೇಗೈಲೆ ಬರಾಕ ಮನಸಾಗಲಿಲ್ಲ."

ಈಗ ಆಕಾಶವೇ ಹರಿದು ಬೀಳುತ್ತದೆಂದು ನಾವೆಲ್ಲ ಅಂದುಕೊಂಡೆವು. ಅತ್ತೆಯ ಕಣ್ಣು ತುಂಬಿದ್ದು ಕಾಣುತ್ತಿತ್ತು. ಸೆರಗಿನಿಂದ ಒರೆಸಿಕೊಂಡು ಹೇಳಿದರು:

"ನಾ ಏನ ತಿಳಕೊಂಡಿದ್ದೆ ಗೊತ್ತೈತೇನ್ರಿ? ಇವರು ಎಲ್ಲಾ ನೋಡಿ ಮುಗಿಸ್ಯಾರ, ಇನ್ನ ನನ್ನ ಸಲುವಾಗಿ ನೋಡಿದ್ದನ್ನ ನೋಡಕೋತ ಬ್ಯಾಸರಾ ಮಾಡಕೊಂಡು ಅಡ್ಡಾಡಬೇಕಾಗತೈತಿ ಅಂತ. ಅದಕ್ಕ ಇಷ್ಟ ದಿನ ಜೋರ ಮಾಡಿ ಕೇಳಲಿಲ್ಲ. ನೀವೂ ನೋಡಿಲ್ಲಂದ್ರ ಛಲೋ ಆತು ಬಿಡ್ರಿ. ಇಬ್ಬರೂ ಕೂಡೇ ನೋಡೂಣು."

ಮಾವ ಸೀಟಿಯನ್ನು ಮೆಲ್ಲಗೆ ಜೇಬಿಗೆ ಇಳಿಸಿದರು. ಬ್ಯಾಡಗಿ ಕಾಕಾ ಕಣ್ಣೊರೆಸಿಕೊಂಡರು. ಮೆಣಸಿನಕಾಯಿಯ ಕಾರಣಕ್ಕೆ ಅವರ ಕಣ್ಣಲ್ಲಿ ನೀರು ಬಂದದ್ದನ್ನು ನಾನಂತೂ ಎಂದೂ ಕಂಡಿಲ್ಲ.

ನಮ್ಮ ಗುಂಪು ಅಂದೇ ಬರಖಾಸ್ತಾಯಿತು. ನಮ್ಮನ್ನು ಬರಬೇಡಿ ಎಂದು ಯಾರೂ ಹೇಳಲಿಲ್ಲ, ಬನ್ನಿ ಎಂದೂ ಕರೆಯಲಿಲ್ಲ, ಅಷ್ಟೇ. ಅವರಿಬ್ಬರೂ ಹೊರಟದ್ದು ಹಗಲಿನ ಬಸ್ಸಿಗೆ. ನಾನು ಕಳಿಸಿಕೊಡಲು ರಾಣೇಬೆನ್ನೂರಿನ ಬಸ್ ಸ್ಟ್ಯಾಂಡಿಗೆ ಹೋಗಿದ್ದೆ. ಅತ್ತೆ ಇಳಕಲ್ ಸೀರೆ ಉಟ್ಟು ಕಿಟಕಿಯ ಪಕ್ಕ ಕೂತಿದ್ದರು, ಮಾವ ಅವರ ಬದಿಗೆ. ಬಸ್ಸು ಇನ್ನೂ ಅಲುಗಾಡಿತ್ತಷ್ಟೇ, ಅತ್ತೆ ಆಗಲೇ, "ಮುಂದ ಯಾವ ಊರ ಬರತೈತ್ರಿ?" ಎಂದು ಕೇಳಿದರು. ಅಲ್ಲಿಂದ ಬೆಂಗಳೂರಿನ ತನಕ ಒಂದೊಂದು ಸ್ಟಾಪಿನ ಹೆಸರನ್ನೂ ನಿದ್ದೆಗಣ್ಣಿನಲ್ಲಿ ಕೂಗಬಲ್ಲ ನಮ್ಮ ಮಾವ, ಅತ್ತೆಯ ಭುಜದ ಮೇಲಿನಿಂದ ಕಿಟಕಿಯ ಹೊರಗೆ ಬಗ್ಗಿ ನೋಡುತ್ತ ಹೇಳಿದರು:

"ನನಗೂ ಗೊತ್ತಿಲ್ಲ. ನೋಡೂಣು ತಡಿ."