ನಾನು ಕಂಡುಹಿಡಿದ ಗಾಡಿದಾರಿ

ದಾರಿಯ ವಿಷಯದಲ್ಲಿ ನನಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನಾನು ಸರ್ವೇಯರ್. ಕೊಪ್ಪದಲ್ಲಿ ಮನೆ ಮಾಡಿಕೊಂಡು, ಶೃಂಗೇರಿ, ನರಸಿಂಹರಾಜಪುರದ ಕಡೆಯೂ ಹದಿನೈದು ವರ್ಷ ಚೈನು ಎಳೆದು, ಪೊದೆ ಬಗೆದು ಗಡಿಯ ಬಾಂದು ಕಲ್ಲು ಹುಡುಕಿದವನು. ಇಂಥವನಿಗೆ ಹನ್ನೊಂದು ಜನರನ್ನು ಸೈಕಲ್ಲಿನಲ್ಲಿ ಒಂದೂರಿನಿಂದ ಇನ್ನೊಂದೂರಿಗೆ ಕರೆದುಕೊಂಡು ಹೋಗುವುದು ಯಾವ ಮಹಾ ಕೆಲಸ! ೨೦೦೬ರ ಅಕ್ಟೋಬರಿನ ಒಂದು ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆಯವರೆಗೂ ನಾನು ಹಾಗೆಯೇ ತಿಳಿದಿದ್ದೆ.

ಶುರುವಾದದ್ದು ಸಕ್ಕರೆ ಕಾಯಿಲೆಯಿಂದ. ಡಾಕ್ಟರು ದಿನಾ ನಡೆಯಿರಿ ಎಂದರು. ನಾನು ಶಿವಮೊಗ್ಗಕ್ಕೆ ಹೋಗಿ ಇಪ್ಪತ್ತೊಂದು ಗೇರಿನ ಸೈಕಲ್ ತಂದೆ.

"ನಡೀರಿ ಅಂದ್ರೆ ಸೈಕಲ್ ತಂದ್ರಲ್ಲ ಮಾರಾಯ್ರೆ! ಇಪ್ಪತ್ತೊಂದು ಗೇರು ಎಂತಕ್ಕೆ ನಿಮ್ಗೆ?" ಎಂದಳು ಹೆಂಡತಿ ವಸುಧಾ.

ಇಪ್ಪತ್ತೊಂದರಲ್ಲಿ ನನಗೆ ಹಾಕಲು ಬಂದದ್ದು ಎರಡು. ಆ ವಿಷಯ ಅವಳಿಗೆ ಹೇಳಲಿಲ್ಲ.

ಶಿವಮೊಗ್ಗದಲ್ಲಿರುವ ನನ್ನ ತಂಗಿಯ ಗಂಡ ಪ್ರಸನ್ನನಿಗೆ ಅದೇ ಸಮಯಕ್ಕೆ ಸೈಕಲ್ ಹುಚ್ಚು ಹಿಡಿದಿತ್ತು. ಅವನದೊಂದು ಗುಂಪೇ ಇತ್ತು. ಮಾರ್ಚಿನಲ್ಲಿ ಫೋನ್ ಮಾಡಿದ. "ಭಾವ, ಡಾಂಬರು ರಸ್ತೆ ಎಲ್ಲಾ ಆಯ್ತು. ನಮ್ಗೀಗ ಜಲ್ಲಿದಾರಿ, ಮಣ್ಣುದಾರಿ ಬೇಕು. ಪಕ್ಕದಲ್ಲಿ ಭದ್ರಾ ಹಿನ್ನೀರು ಕಾಣ್ತಾ ಇರ್ಬೇಕು. ದಸರಾ ಕಳೆದ ಮೇಲೆ ಬರ್ತೀವಿ. ನಿಮ್ಗೆ ಗೊತ್ತಿಲ್ದೆ ಇರೋ ದಾರಿ ಉಂಟಾ?"

ಹೊಗಳಿಕೆಗೆ ಉಬ್ಬುವವನು ನಾನಲ್ಲ. ಆದರೆ ಅವತ್ತು ಉಬ್ಬಿದೆ. ಉಬ್ಬಲು ಇನ್ನೊಂದು ಕಾರಣವೂ ಇತ್ತು. ಅದೇ ನನ್ನ ಮಾವ, ಅಂದರೆ ವಸುಧಾಳ ಅಪ್ಪ.

ಮಾವನ ಮನೆ ಇರುವುದು ಹಿನ್ನೀರಿನ ಆಚೆ ದಡದಲ್ಲಿ. ಮದುವೆಯಾದ ಹೊಸದರಲ್ಲಿ ಅವರಿಗೂ ಪಕ್ಕದವರಿಗೂ ಗಡಿ ತಕರಾರು ಬಂತು. ಅಳಿಯನೇ ಸರ್ವೇಯರ್ ಇರುವಾಗ ಹೊರಗಿನವರು ಯಾಕೆಂದು ಮಾವ ನನ್ನನ್ನೇ ಕರೆಸಿದರು. ನಾನು ಹೊಸ ಅಳಿಯ, ಹೊಸ ನೌಕರ, ಮೇಲಾಗಿ ಪ್ರಾಮಾಣಿಕ. ಅಳೆದೆ. ಒಂದೂವರೆ ಗುಂಟೆ ಪಕ್ಕದವರ ಪಾಲಾಯಿತು. ಅದರಲ್ಲೇ ಮಾವನ ಮನೆಯ ಏಕೈಕ ಅಪ್ಪೆಮಿಡಿ ಮರ ಇತ್ತು!

ಭೂಮಿ ಹೋದದ್ದನ್ನು ಮಾವ ಕ್ಷಮಿಸಿದರು. ಉಪ್ಪಿನಕಾಯಿ ಹೋದದ್ದನ್ನು ಕ್ಷಮಿಸಲಿಲ್ಲ. ಅಂದಿನಿಂದ ಹದಿನಾಲ್ಕು ವರ್ಷ ಅವರು ನನ್ನ ಜೊತೆ ನೇರವಾಗಿ ಮಾತಾಡಿರಲಿಲ್ಲ. ನಾನು ಎದುರಿಗೇ ಕೂತಿರುತ್ತಿದ್ದೆ, ಅವರು ಮಗಳ ಕಡೆ ತಿರುಗಿ, "ವಸು, ಅಳಿಯಂದ್ರಿಗೆ ಇನ್ನೊಂದು ಕಡುಬು ಬೇಕಾ ಕೇಳು" ಎನ್ನುತ್ತಿದ್ದರು. ನಾನೂ ಅವಳ ಕಡೆ ತಿರುಗಿ ಸಾಕು ಎನ್ನುತ್ತಿದ್ದೆ. ನಗುವ ವಿಷಯದಂತೆ ಹೇಳುತ್ತಿದ್ದೇನೆ, ಆದರೆ ನನಗೆ ಬಹಳ ಬೇಜಾರಿತ್ತು. ಅಪ್ಪನಿಲ್ಲದೆ ಬೆಳೆದವನಿಗೆ ಸಿಕ್ಕ ಮಾವ ಅವರು.

ಈ ಸೈಕಲ್ ಸವಾರಿಯನ್ನು ಮಾವನ ಅಂಗಳದಲ್ಲಿ ಮುಗಿಸಬೇಕು, ಶಿವಮೊಗ್ಗದ ಗಣ್ಯರ ಮುಂದಾಳಾಗಿ ನಾನು ಬರುವುದನ್ನು ಅವರು ನೋಡಬೇಕು, ನೋಡಿ ನನಗೇ ಒಂದು ಮಾತಾಡಬೇಕು. ಯೋಜನೆ ಇಷ್ಟೇ.

ನನ್ನ ಹತ್ತಿರ ಆ ಭಾಗದ ಹಳೆಯ ಗ್ರಾಮನಕ್ಷೆಯ ಪ್ರತಿ ಒಂದಿತ್ತು. ಬಸ್ಸಿನ ರಸ್ತೆ ಹಿನ್ನೀರನ್ನು ಸುತ್ತು ಹಾಕಿಕೊಂಡು ಮಾವನ ಊರಿಗೆ ಹೋಗುತ್ತದೆ. ಆದರೆ ನಕ್ಷೆಯಲ್ಲಿ ನೇರವಾದ ಗಾಡಿದಾರಿ! ಏಪ್ರಿಲಿನ ಒಂದು ರಜಾ ದಿನ ನರಸಿಂಹರಾಜಪುರದವರೆಗೆ ಬಸ್ಸಿನ ಮೇಲೆ ಸೈಕಲ್ ಹೇರಿಕೊಂಡು ಹೋಗಿ ಹುಡುಕಿದೆ. ಸಿಕ್ಕಿಯೇಬಿಟ್ಟಿತು. ಎಂಥ ದಾರಿ ಅಂತೀರಿ! ಗಟ್ಟಿ ಜಲ್ಲಿ, ಕಲ್ಲಿನ ಮೋರಿ, ಮುಂದೆ ಒಂದು ಹಳೇ ಅರಳಿಕಟ್ಟೆ. ನೀರು ಎಲ್ಲೋ ಕೆಳಗೆ ಮಿರುಗುತ್ತಿತ್ತು. ಮಧ್ಯೆ ಒಂದು ಸಣ್ಣ ತೋಡು, ಪಾದ ಒದ್ದೆಯಾಗುವಷ್ಟು.

ಈಗ ಯೋಚಿಸಿದರೆ, ಅಲ್ಲಿ ಕೆಲವು ಸೂಚನೆಗಳಿದ್ದವು. ದಾರಿಯ ಎರಡೂ ಕಡೆ ಒಂದೇ ಒಂದು ಹಸಿರು ಮರ ಇರಲಿಲ್ಲ, ಬರೀ ಕರೀ ಬೊಡ್ಡೆಗಳು. ಬಯಲು ಚೆನ್ನಾಗಿ ಕಾಣಲೆಂದು ಯಾರೋ ಕಡಿಸಿದ್ದಾರೆ ಎಂದುಕೊಂಡೆ. ಜಲ್ಲಿಯ ನಡುವೆ ಕಪ್ಪೆಚಿಪ್ಪು ಬಿದ್ದಿದ್ದವು. ಸುಣ್ಣಕ್ಕೆ ತಂದು ಚೆಲ್ಲಿದ್ದಾರೆ ಎಂದುಕೊಂಡೆ. ಒಂದು ಕಡೆಯಂತೂ ದಾರಿಯ ಪಕ್ಕದಲ್ಲೇ ದೋಣಿಯೊಂದು ಮಗುಚಿ ಬಿದ್ದಿತ್ತು. ನೀರಿನಿಂದ ಇಷ್ಟು ದೂರ ದೋಣಿ ತಂದಿಟ್ಟವನ ಪೆದ್ದುತನಕ್ಕೆ ಒಬ್ಬನೇ ನಕ್ಕೆ!

ಸೈಕಲ್ಲಿನ ಮೀಟರ್ ನೋಡಿ ಮೋರಿಯಿಂದ ಕಟ್ಟೆಗೆ ಎಷ್ಟು, ಕಟ್ಟೆಯಿಂದ ತೋಡಿಗೆ ಎಷ್ಟು ಎಂದೆಲ್ಲ ಬರೆದುಕೊಂಡೆ. ಕೊನೆಯ ಏರು ಹತ್ತಿದ್ದರೆ ಮಾವನ ಹಿತ್ತಿಲು. ಗುಟ್ಟು ರಟ್ಟಾಗಬಾರದೆಂದು ಅಲ್ಲಿಂದಲೇ ತಿರುಗಿದೆ. ಮನೆಗೆ ಬಂದು ಅಂದವಾದ ನಕ್ಷೆ ಬರೆದು ಹನ್ನೆರಡು ಜೆರಾಕ್ಸ್ ಮಾಡಿಸಿದೆ.

ಅಕ್ಟೋಬರ್ ಬಂತು. ಮಾವ ಮಗಳ ಮೂಲಕ ಎಲ್ಲರ ಊಟಕ್ಕೆ ಒಪ್ಪಿದ್ದರು. ಕಡುಬು, ಕೋಳಿ ಸಾರು. ಸವಾರಿಯ ಹಿಂದಿನ ದಿನವೇ ತವರಿಗೆ ಹೊರಟ ವಸುಧಾ ಕೇಳಿದಳು, "ಯಾವ ದಾರೀಲಿ ಬರ್ತೀರಿ?"

"ಅದು ಬಂದ ಮೇಲೆ ಗೊತ್ತಾಗತ್ತೆ. ನಿಮ್ಮಪ್ಪ ಬಾಗಿಲಲ್ಲಿ ನಿಂತು ನೋಡ್ಲಿ."

ಅವತ್ತು ಅವಳಿಗೆ ಹೇಳಿದ್ದರೆ ಈ ಬರಹ ಇರುತ್ತಿರಲಿಲ್ಲ.

ಭಾನುವಾರ ಬೆಳಿಗ್ಗೆ ನರಸಿಂಹರಾಜಪುರದಿಂದ ಹೊರಟೆವು. ಪ್ರಸನ್ನ, ಒಬ್ಬ ಹಲ್ಲಿನ ಡಾಕ್ಟರಮ್ಮ, ಉಳಿದ ಒಂಬತ್ತು ಜನ ಗಟ್ಟಿಮುಟ್ಟು ಸವಾರರು. ಎಲ್ಲರಿಗೂ ಹೆಲ್ಮೆಟ್ಟು. ಮುಂದೆ ನಾನು. ಕಾಡಂಚಿನ ಮಣ್ಣುದಾರಿಯಲ್ಲಿ ಐದಾರು ಕಿಲೋಮೀಟರ್ ಸೊಗಸಾಗಿ ಸಾಗಿತು. "ಸೂಪರ್ ರೂಟ್ ಸಾರ್!" ಎಂದು ಹಿಂದಿನಿಂದ ಯಾರೋ ಕೂಗಿದರು. ನನಗೆ ಎರಡನೇ ಗೇರು ತಾನಾಗಿಯೇ ಬಿದ್ದಂತಾಯಿತು.

ಗಾಡಿದಾರಿ ಇಳಿಯುವಲ್ಲಿ ಒಬ್ಬ ಮುದುಕ ಎಮ್ಮೆ ಮೇಯಿಸುತ್ತಿದ್ದ.

"ಈ ಕಡೆ ಎಂತಕ್ಕೆ ಹೋಗ್ತೀರಿ ಸ್ವಾಮಿ?"

"ಆಚೆ ಊರಿಗೆ. ಊಟಕ್ಕೆ."

"ಸೈಕಲ್ಲಲ್ಲಾ?"

"ಸೈಕಲ್ಲಲ್ಲೇ!"

ಅವನು ನಮ್ಮನ್ನೆಲ್ಲ ಒಮ್ಮೆ ನೋಡಿದ. "ಎಲ್ರಿಗೂ ಈಜು ಬತ್ತದಾ?"

ಆ ಸಣ್ಣ ತೋಡಿನ ಮಾತಾಡುತ್ತಿದ್ದಾನೆ ಎಂದುಕೊಂಡೆ. "ನೀರು ಸಿಕ್ರೆ ಸೈಕಲ್ ಹೊತ್ಕೊಂಡು ದಾಟ್ತೀವಿ ಮಾರಾಯ!" ಎಂದು ಗತ್ತಿನಿಂದ ಹೇಳಿ ಮುಂದೆ ಹೋದೆ. ಮುದುಕ ಎಮ್ಮೆಯನ್ನು ಅಲ್ಲೇ ಬಿಟ್ಟು ನಮ್ಮ ಹಿಂದೆ ಬರತೊಡಗಿದ. ಇಂಥದ್ದನ್ನು ತಪ್ಪಿಸಿಕೊಳ್ಳುವ ಮನಸ್ಸಾಗಲಿಲ್ಲವೇನೋ.

ಇಳಿಜಾರು. ಮುಂದಾಳುತನ ತೋರಿಸಲು ಜೋರಾಗಿ ತುಳಿದೆ. ತಿರುವು ದಾಟಿದೆ. ದಾರಿ ನೇರವಾಗಿ ಹೋಗಿ ನೀರಿನೊಳಗೆ ಇಳಿದಿತ್ತು. ಆಮೇಲೆ ದಾರಿಯೇ ಇಲ್ಲ. ನೀರು, ನೀರು, ಬರೀ ನೀರು! ಬ್ರೇಕ್ ಹಿಡಿದೆ. ಒದ್ದೆ ಜಲ್ಲಿ, ಚಕ್ರ ನಿಲ್ಲಲಿಲ್ಲ. ಮೊಣಕಾಲು ಮುಳುಗುವವರೆಗೆ ಹೋಗಿ ನಿಂತೆ.

ಹಿಂದೆ ಹನ್ನೊಂದು ಬ್ರೇಕುಗಳು ಒಟ್ಟಿಗೆ ಕಿರುಚಿದವು. ಏಪ್ರಿಲಿನಲ್ಲಿ ನಾನು ಕಣ್ಣಾರೆ ಕಂಡ ಕಟ್ಟೆ, ತೋಡು, ದೋಣಿ, ಎಲ್ಲವನ್ನೂ ಯಾರೋ ಎತ್ತಿಕೊಂಡು ಹೋಗಿದ್ದರು! ಮಳೆಗಾಲದಲ್ಲಿ ಹಿನ್ನೀರು ಏರುತ್ತದೆ ಎಂದು ನನಗೆ ಗೊತ್ತಿರಲಿಲ್ಲವೇ? ಗೊತ್ತಿತ್ತು. ಒಂದಿಡೀ ಬಯಲನ್ನೇ ನುಂಗುತ್ತದೆಂದು ಗೊತ್ತಿರಲಿಲ್ಲ.

ಆದರೂ ಸರ್ವೇಯರ್ ಸೋಲಬಾರದು. "ಏನಿಲ್ಲ, ನಿನ್ನೆ ರಾತ್ರಿ ಸ್ವಲ್ಪ ಮಳೆ ಬಂದಿರ್ಬೇಕು" ಎಂದೆ.

"ಭಾವ," ಎಂದ ಪ್ರಸನ್ನ ಮೆಲ್ಲಗೆ, "ಆಚೆ ದಡದ ಮರ ಸಾಸಿವೆ ಕಾಳಷ್ಟು ಕಾಣ್ತಾ ಉಂಟು."

"ದಾರಿ ಇಲ್ಲೇ ಇದೆ ಕಣೋ. ಕಾಲಿಗೆ ಜಲ್ಲಿ ಸಿಗ್ತಾ ಇದೆ. ನೋಡು, ನಕ್ಷೆ ಪ್ರಕಾರ ಹತ್ತು ಹೆಜ್ಜೆಗೆ ಮೋರಿ" ಎನ್ನುತ್ತಾ ಸೈಕಲ್ ತಳ್ಳಿಕೊಂಡು ಮುಂದೆ ನಡೆದೆ. ನೀರು ತೊಡೆಗೆ ಬಂತು, ಸೊಂಟಕ್ಕೆ ಬಂತು. ಸರಿಯಾಗಿ ಹತ್ತನೇ ಹೆಜ್ಜೆಗೆ ಮೋರಿ ಸಿಕ್ಕಿತು. ಅದರ ಅಂಚೂ ಸಿಕ್ಕಿತು! ಬುಡುಂಗ್ ಎಂದು ಮುಳುಗಿದೆ.

ಕಾಲರ್ ಹಿಡಿದು ಎಳೆದು ದಡಕ್ಕೆ ಹಾಕಿದವರು ಹಲ್ಲಿನ ಡಾಕ್ಟರಮ್ಮ. ಕೀಳುವ ಕೈ ನೋಡಿ, ಒಂದೇ ಎಳೆತಕ್ಕೆ ಬಂದೆ. ಸೈಕಲ್ ಬರಲಿಲ್ಲ. ಜೇಬಿನಲ್ಲಿದ್ದ ಮೊಬೈಲ್ ಬಂತು, ಜೀವ ಇರಲಿಲ್ಲ.

ಪ್ರಸನ್ನ ಒಂದು ಹುತ್ತದ ಮೇಲೆ ಹತ್ತಿ ಸಿಗ್ನಲ್ ಹುಡುಕಿ ಮಾವನ ಮನೆಗೆ ಫೋನ್ ಹಚ್ಚಿ ನನ್ನ ಕೈಗೆ ಕೊಟ್ಟ. ವಸುಧಾ ಎತ್ತಿದಳು.

"ಎಲ್ಲಿದ್ದೀರಿ? ಕಡುಬು ಬೆಂದಾಯ್ತು."

"ದಾರಿಯಲ್ಲೇ ಇದ್ದೇವೆ."

"ಯಾವ ದಾರಿ?"

"ಅದೇ... ಹಳೇ ಗಾಡಿದಾರಿ."

ಹುತ್ತ ನಡುಗುವಂತೆ ಕೂಗಿದಳು. "ರೀ! ಅದು ಡ್ಯಾಮಲ್ಲಿ ಮುಳುಗಿದ ದಾರಿ! ನಾನು ಹುಟ್ಟೋಕ್ ಮುಂಚೆ ಮುಳುಗಿದ್ದು! ನಿಮ್ಗೆ ಯಾರು ಹೇಳಿದ್ದು ಅದ್ರಲ್ಲಿ ಬರೋಕೆ?"

"ನಕ್ಷೆಯಲ್ಲಿ ಇತ್ತು" ಎಂದೆ. ಮನೆಯಲ್ಲಿದ್ದ ಮೂಲ ನಕ್ಷೆಯನ್ನು ಮನಸ್ಸಿನಲ್ಲೇ ನೆನೆದೆ. ಆ ಗ್ರಾಮನಕ್ಷೆ ಅಣೆಕಟ್ಟಿಗಿಂತ ಹಳೆಯದು! ಇಸವಿ ಮೂಲೆಯಲ್ಲೇ ಬರೆದಿತ್ತು. ಬೇರೆಯವರು ಇಸವಿ ನೋಡದೆ ನಕ್ಷೆ ತಂದರೆ ಬೈದು ಕಳಿಸುವವನು ನಾನು.

ಒಂದು ಗಂಟೆಯ ಮೇಲೆ ಮೀನು ಹಿಡಿಯುವವರ ದೋಣಿಯೊಂದು ಬಂತು. ಅದರ ನಡುವೆ ಎರಡು ಪಾತ್ರೆ, ಒಂದು ಕಡೆ ವಸುಧಾ, ಇನ್ನೊಂದು ಕಡೆ ಬಿಚ್ಚಿದ ಕೊಡೆಯ ಕೆಳಗೆ ಮಾವ! ನಾನು ಬರುವುದನ್ನು ಬಾಗಿಲಲ್ಲಿ ನಿಂತು ನೋಡಬೇಕಾಗಿದ್ದವರು, ಒದ್ದೆ ಬಟ್ಟೆಯ ಮೇಲೆ ಎಮ್ಮೆ ಕಾಯುವವನ ಕಂಬಳಿ ಹೊದ್ದು ಕೂತ ನನ್ನನ್ನು ದೋಣಿಯಲ್ಲಿ ಕೂತು ನೋಡಿದರು. ಭೂಮಿ ಬಾಯಿ ಬಿಡಬಾರದೇ ಅನಿಸಿತು. ಅಲ್ಲಿ ಭೂಮಿಯೇ ಇರಲಿಲ್ಲ.

ಎಲ್ಲರೂ ದಂಡೆಯ ಮೇಲೆ ಊಟಕ್ಕೆ ಕೂತರು. ಮುದುಕನೂ ಕೂತ. ಸವಾರರಿಗೆ ಕೋಳಿ ಸಾರು ಸಿಕ್ಕ ಮೇಲೆ ದಾರಿಯ ಚಿಂತೆ ಹೋಯಿತು. ಮಾವ ಪ್ರಸನ್ನನ ಹತ್ತಿರ ಇದ್ದ ನಕ್ಷೆ ಇಸಿದುಕೊಂಡು, ಕನ್ನಡಕ ಏರಿಸಿ, ಬೆರಳಿಟ್ಟು ಓದುತ್ತಿದ್ದರು. ಬಹಳ ಹೊತ್ತು ಓದಿದರು.

"ಈ ಕಟ್ಟೆ ಇನ್ನೂ ಉಂಟಾ?"

ಯಾರನ್ನು ಕೇಳಿದರೆಂದು ಹಿಂದೆ ತಿರುಗಿ ನೋಡಿದೆ. ಯಾರೂ ಇರಲಿಲ್ಲ. ವಸುಧಾ ಮೊಣಕೈಯಿಂದ ತಿವಿದಳು. "ನಿಮ್ಮನ್ನೇ ಕೇಳ್ತಿರೋದು!"

"ಉಂಟು ಮಾವ" ಎಂದೆ. ಕಂಬಳಿ ಸರಿಸಿ ಇನ್ನೊಮ್ಮೆ ಹೇಳಿದೆ. "ಉಂಟು. ಏಪ್ರಿಲಲ್ಲಿ ಅದ್ರ ಮೇಲೆ ಕೂತು ಬಿಸ್ಕತ್ತು ತಿಂದೆ."

"ಅರಳಿ ಮರ?"

"ಮರ ಇಲ್ಲ."

ಮಾವ ನೀರಿನ ಕಡೆ ನೋಡಿದರು. "ಅದ್ರ ಎದುರಿಗೇ ನಮ್ಮ ಮನೆ ಇತ್ತು. ಮೋರಿಯಿಂದ ಕಟ್ಟೆಗೆ ನೀವು ಬರೆದ ಅಳತೆ ಸರಿಯಾಗೇ ಉಂಟು. ಚಿಕ್ಕವನಿದ್ದಾಗ ಎಷ್ಟು ಸಲ ಓಡಿದ್ದೀನಿ." ಮತ್ತೆ ನಕ್ಷೆ ನೋಡಿದರು. "ಜೀವಮಾನದಲ್ಲಿ ನೀವು ತಪ್ಪಿಲ್ದೆ ಅಳೆದದ್ದು ಇದೊಂದೇ. ಅದೂ ನೀರಿನಡಿ!"

ಹನ್ನೊಂದು ಜನವೂ ನಕ್ಕರು. ಮುದುಕ ಎಲ್ಲರಿಗಿಂತ ಜೋರಾಗಿ ನಕ್ಕ. ನನಗೆ ಮಾತ್ರ ಕಣ್ಣು ತುಂಬಿ ಬಂತು. ಕಂಬಳಿಯಿಂದ ತಲೆ ಒರೆಸುವ ನೆವ ಮಾಡಿದ್ದರಿಂದ ಯಾರಿಗೂ ತಿಳಿಯಲಿಲ್ಲ.

ದೋಣಿಯವನು ಕೊಕ್ಕೆ ಹಾಕಿ ನನ್ನ ಸೈಕಲ್ಲನ್ನು ಮೇಲೆತ್ತಿ ತಂದ. ಮಾವ ನಕ್ಷೆಯನ್ನು ಮಡಚಿ ಜೇಬಿಗೆ ಇಟ್ಟುಕೊಂಡರು.

"ನೀರು ಇಳಿದ ಮೇಲೆ ಬನ್ನಿ. ನಾನು ಆ ಕಡೆ ಹೋಗ್ದೆ ಹತ್ತು ವರ್ಷ ಆಯ್ತು, ಒಬ್ನೇ ಹೋಗೋ ಮನಸ್ಸಾಗಲ್ಲ. ಇಬ್ರೂ ನಿಧಾನಕ್ಕೆ ಹೋಗಿಬರೋಣ."

ನನಗೆ ಆಕಾಶ ಮೂರೇ ಗೇಣು. "ಆಗ್ಲಿ ಮಾವ! ಒಂದು ಇಂಚು ತಪ್ಪದ ಹಾಗೆ ನಾನು ಕರ್ಕೊಂಡು ಹೋಗ್ತೀನಿ!"

ಮಾವ ನನ್ನ ಕಡೆ ನೋಡಿದರು, ಪಾಚಿ ಸುತ್ತಿಕೊಂಡ ಸೈಕಲ್ಲಿನ ಕಡೆ ನೋಡಿದರು.

"ಬೇಡ," ಎಂದರು. "ನೀವು ಸುಮ್ನೆ ನನ್ನ ಹಿಂದೆ ಬನ್ನಿ."