ಯಜಮಾನರ ಮರಣದ ತಾಲೀಮು

ಬೀಗದ ಅಂಗಡಿಯ ಯಜಮಾನರು ಬದುಕಿರುವಾಗಲೇ ದಿವಂಗತರಾದದ್ದು ಸಂಪೂರ್ಣ ನಿಯಮಬದ್ಧವಾಗಿತ್ತೆಂದು ಈ ಮೂಲಕ ಎಲ್ಲರಿಗೂ ತಿಳಿಯಪಡಿಸಲಾಗಿದೆ.

ಯಜಮಾನರಿಗೆ ಒಂದು ಅಭ್ಯಾಸ. ತಾವು ಮಾಡಿದ ಬೀಗವನ್ನು ಒಮ್ಮೆ ಹಾಕಿ, ಜಗ್ಗಿ, ಅಲ್ಲಾಡಿಸಿ ನೋಡದೆ ಗಿರಾಕಿಯ ಕೈಗೆ ಕೊಟ್ಟವರಲ್ಲ. ಆದ್ದರಿಂದ ಆಸ್ತಿ ಯೋಜನಾ ಕಚೇರಿಯ ಸಲಹೆಗಾರರು ಉಯಿಲು ಸಿದ್ಧಪಡಿಸಿ ಮುಂದಿಟ್ಟಾಗ ಅವರಿಗೆ ಸಮಾಧಾನವಾಗಲಿಲ್ಲ.

"ಅಂಗಡಿ ಮಗನಿಗೆ, ಮನೆ ಮಗಳಿಗೆ, ಸರಿ. ಆದ್ರೆ ಇದು ಕೆಲಸ ಮಾಡುತ್ತೆ ಅಂತ ಹೇಗೆ ಗೊತ್ತಾಗೋದು? ಒಂದ್ಸಲ ನೋಡ್ಬೇಕಲ್ವಾ?"

"ಖಂಡಿತ ಸಾರ್. ಪೂರ್ವಭಾವಿ ಮರಣ ಅಂತ ನಮ್ಮಲ್ಲಿ ಒಂದು ಸೌಲಭ್ಯ ಇದೆ. ಶುಲ್ಕ ಬೇರೆ."

"ತೊಂದರೆ ಏನೂ ಆಗಲ್ಲ ತಾನೇ?"

"ತೀರಿಕೊಂಡ ಗ್ರಾಹಕರು ಯಾರೂ ಇದುವರೆಗೆ ದೂರು ಕೊಟ್ಟಿಲ್ಲ."

ಸೋಮವಾರ ಬೆಳಿಗ್ಗೆ ಯಜಮಾನರು ತೀರಿಕೊಂಡರು. ಅವರನ್ನು ಅಂಗಡಿಯ ಹಿಂದಿನ ಕೋಣೆಯಲ್ಲಿ, ಅರ ಮತ್ತು ಹಿತ್ತಾಳೆ ಚೂರುಗಳ ನಡುವೆ, ಒಂದು ಸ್ಟೂಲಿನ ಮೇಲೆ ಕೂರಿಸಲಾಯಿತು. ಮೃತರು ಮಾತಾಡುವಂತಿಲ್ಲ; ಕೆಮ್ಮಬಹುದು. ದುಃಖಕ್ಕೆ ಒಂದು ಕಾಫಿ ಕುಡಿಯುವಷ್ಟು ಹೊತ್ತನ್ನು ನಿಗದಿಪಡಿಸಲಾಗಿತ್ತು. ಮಕ್ಕಳು ಅದಕ್ಕೂ ಮೊದಲೇ ಮುಗಿಸಿ ಸಹಕರಿಸಿದರು.

ಹೆಂಡತಿ ಮಾತ್ರ ಅಭ್ಯಾಸಬಲದಿಂದ ಹಿಂದಿನ ಕೋಣೆಗೆ ಲೋಟ ಹಿಡಿದು ಹೊರಟರು. ಸಲಹೆಗಾರರು ತಡೆದರು.

"ಅಮ್ಮಾ, ಅವರು ಈಗ ಇಲ್ಲ."

"ಅಯ್ಯೋ, ಹಾಗಾದ್ರೆ ಈ ಕಾಫಿ ಯಾರು ಕುಡೀಬೇಕು?"

"ಕಚೇರಿ" ಎಂದು ಸಲಹೆಗಾರರು ಕುಡಿದರು.

ಮಗ ಗಲ್ಲಾಪೆಟ್ಟಿಗೆಯ ಹಿಂದಿನ ಕುರ್ಚಿಯಲ್ಲಿ ಕೂತ. ಮಗಳು ಮನೆಗೆ ಹೋಗಿ ಅಪ್ಪನ ಮಂಚವನ್ನು ಅಟ್ಟಕ್ಕೆ ಹಾಕಿಸಿ ಬಂದಳು. ಒಡಹುಟ್ಟಿದವರು ಕಚ್ಚಾಡಿಯಾರೆಂಬ ಯಜಮಾನರ ಭಯ ಸುಳ್ಳಾಯಿತು. ಅಪ್ಪ ಇಲ್ಲವೆಂಬ ವಿಷಯದಲ್ಲಿ ಅವರಲ್ಲಿ ಪೂರ್ಣ ಒಮ್ಮತವಿತ್ತು.

ಸಂಜೆ ಮೃತರು ಸೊಂಟ ಹಿಡಿದುಕೊಂಡು ಹೊರಬಂದರು. "ಎಲ್ಲಾ ಚೆನ್ನಾಗೇ ಆಯ್ತು. ಎಲ್ಲಿ, ನನ್ನ ಕುರ್ಚಿ ಬಿಡೋ ಮಗ."

"ಮರಳಿ ಬದುಕೋಕೆ ವಾರಸುದಾರರ ಒಪ್ಪಿಗೆ ಬೇಕಾಗುತ್ತೆ" ಎಂದರು ಸಲಹೆಗಾರರು.

"ನನ್ನದೇನೂ ಅಡ್ಡಿ ಇಲ್ಲಪ್ಪಾ" ಎಂದ ಮಗ, ಕುರ್ಚಿ ಬಿಡದೆ. "ಆದ್ರೆ ಇಷ್ಟು ಸಲೀಸಾಗಿ ನಡೀತಿರೋದನ್ನ ಯಾಕೆ ಕೆಡಿಸ್ಬೇಕು?"

"ನಾನು ಅತ್ತಿದ್ದೂ ದಂಡವಾಗುತ್ತಲ್ಲಪ್ಪಾ" ಎಂದಳು ಮಗಳು.

ಆಸ್ತಿಯನ್ನೆಲ್ಲ ಚೊಕ್ಕವಾಗಿ ಹಂಚಲಾಗಿತ್ತು. ನಾಚಿಕೆ ಮಾತ್ರ ಯಾರ ಪಾಲಿಗೂ ಬಂದಿರಲಿಲ್ಲ.

ಯಜಮಾನರು ಹೆಂಡತಿಯ ಮುಖ ನೋಡಿದರು. ಆಕೆ ಬಾಯಿ ತೆರೆಯುವಷ್ಟರಲ್ಲಿ ಸಲಹೆಗಾರರು, ಮನೆಯ ಜೊತೆಗೆ ಆಕೆಯೂ ಮಗಳ ಪಾಲಿಗೆ ಸೇರಿರುವುದರಿಂದ ಆಕೆಯ ಮಾತಿಗೂ ಈಗ ಮಗಳ ಅನುಮತಿ ಬೇಕೆಂದು ನೆನಪಿಸಿದರು. ಮಗ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಹಾಕಿದ, ಅಪ್ಪ ಮಾಡಿದ ದೊಡ್ಡ ಬೀಗ ಜಡಿದ, ಕೀಲಿಯನ್ನು ಜೇಬಿಗಿಳಿಸಿ ಹೊರಟ.

ದಿವಂಗತರಿಗೆ ಈಗ ಅಂಗಡಿಯ ಜಗಲಿಯ ಮೇಲೆ ಮಲಗಲು ಅವಕಾಶ ಮಾಡಿಕೊಡಲಾಗಿದೆ. ಬೀದಿಯವರೂ ಒಗ್ಗಿಕೊಂಡಿದ್ದಾರೆ. ಎದುರಂಗಡಿಯ ದರ್ಜಿಯಂತೂ ಮುಂದಿನ ಸೋಮವಾರಕ್ಕೆ ತನ್ನ ಮರಣವನ್ನೂ ಕಾಯ್ದಿರಿಸಿದ್ದಾನೆ. ಮಗ ಅಂಗಡಿ ಮುಚ್ಚಿ ಹೋದಮೇಲೆ ಯಜಮಾನರು ಎದ್ದು ಬೀಗವನ್ನು ಜಗ್ಗಿ, ಅಲ್ಲಾಡಿಸಿ ನೋಡುತ್ತಾರೆ.

"ಹೇಗಿದೆ ಯಜಮಾನ್ರೇ?" ಎನ್ನುತ್ತಾನೆ ದರ್ಜಿ.

"ಗಟ್ಟಿಯಾಗಿದೆ ಕಣಯ್ಯಾ. ನಾನೇ ಮಾಡಿದ್ದು. ಯಾರೇ ಬಂದ್ರೂ ಒಳಗೆ ಹೋಗೋಕಾಗಲ್ಲ."